ಹಾರ್ಲನ್‌ನ ಟಗರಿಗೆ ಯಾರ ತೋಟೆ

ಬೇರೊಬ್ಬರು ತುಂಬಿದ ತೋಟೆಯನ್ನು ನಿನ್ನ ರೈಫಲ್ಲಿಗೆ ಹಾಕಬೇಡ ಎನ್ನುವುದು ನಮ್ಮ ಕಡೆ ಬೇಟೆಗೆ ಹೋಗುವವರೆಲ್ಲ ಮೊದಲು ಕಲಿಯುವ ಪಾಠ. ಹೆಂಡತಿಯನ್ನು ನಂಬು, ಪಾದ್ರಿಯನ್ನು ನಂಬು, ಬೇಕಾದರೆ ಹಳೇ ಟ್ರಕ್ ಮಾರುವವನನ್ನೂ ನಂಬು. ಆದರೆ ಇನ್ನೊಬ್ಬನ ಮನೆಯ ಮೇಜಿನ ಮೇಲೆ ಮದ್ದು ತುಂಬಿಸಿಕೊಂಡು ಬಂದ ತೋಟೆಯನ್ನು ನಿನ್ನ ಕೆನ್ನೆಯ ಪಕ್ಕದಲ್ಲಿ ಸಿಡಿಸಬೇಡ. ಮದ್ದು ಅಳತೆ ಮೀರಿದರೆ ಕಣ್ಣು ಹೋಗುತ್ತದೆ, ಕೈ ಹೋಗುತ್ತದೆ. ಆದ್ದರಿಂದ ಅವರವರ ತೋಟೆ ಅವರವರೇ ತುಂಬಿಕೊಳ್ಳುತ್ತಾರೆ, ಬಾರದವರು ಅಂಗಡಿಯಲ್ಲಿ ಕೊಳ್ಳುತ್ತಾರೆ.

ಹಾರ್ಲನ್ ಟೀಗ್ ಮಾತ್ರ ಇಪ್ಪತ್ತಾರು ವರ್ಷ ನಾನು ತುಂಬಿದ್ದನ್ನೇ ಹಾಕಿದ. ಎಷ್ಟು ಮದ್ದು ಹಾಕಿದೆ, ಯಾವ ಗುಂಡು ಕೂರಿಸಿದೆ ಎಂದು ಒಂದು ದಿನವೂ ಕೇಳಲಿಲ್ಲ. ಡಬ್ಬಿ ತೆಗೆದುಕೊಂಡು ಜೇಬಿಗಿಳಿಸುತ್ತಿದ್ದ, ಅಷ್ಟೆ. ವಯೋಮಿಂಗಿನ ನಮ್ಮ ಊರಿನಲ್ಲಿ ಒಬ್ಬ ಗಂಡಸು ಇನ್ನೊಬ್ಬನಿಗೆ ಕೊಡಬಹುದಾದ ಮರ್ಯಾದೆ ಇದಕ್ಕಿಂತ ದೊಡ್ಡದಿಲ್ಲ. ಹೀಗಿರುವಾಗ ಅವನು ತನ್ನ ಹೊಸ ರೈಫಲ್ಲನ್ನು ಆ ಕೊರೀನ್ ಕೈಗೆ ಕೊಟ್ಟು, ತೋಟೆ ಹೊಂದಿಸಿಕೊಡು ಎಂದನೆಂದು ಕೇಳಿದಾಗ ನನಗೆ ಹೇಗಾಗಿರಬೇಡ! ಹೊಟ್ಟೆಗೆ ಕಿಚ್ಚು ಬಿತ್ತು. ಸುತ್ತಿ ಬಳಸಿ ಹೇಳುವುದೇಕೆ, ಹೊಟ್ಟೆಕಿಚ್ಚೇ ಅದು.

ಹೊಸ ರೈಫಲ್ ಬಂದದ್ದು ಹೀಗೆ. ದೊಡ್ಡ ಕೊಂಬಿನ ಕಾಡುಟಗರನ್ನು ಹೊಡೆಯಲು ನಮ್ಮಲ್ಲಿ ಸರಕಾರಕ್ಕೆ ಅರ್ಜಿ ಹಾಕಬೇಕು, ಅವರು ಚೀಟಿ ಎತ್ತುತ್ತಾರೆ. ಹಾರ್ಲನ್ ಇಪ್ಪತ್ತಮೂರು ವರ್ಷ ಅರ್ಜಿ ಹಾಕಿದ. ಈ ಮೇ ತಿಂಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಎಡ ಮೊಣಕಾಲು ಹೋದ ಮೇಲೆ ಅವನ ಹೆಸರು ಬಂತು. ಇನ್ನೊಂದು ಸಲ ಬರುವಷ್ಟರಲ್ಲಿ ಅವನು ಮಣ್ಣಿನಡಿ ಇರುತ್ತಾನೆ. ಹತ್ತಿರ ಹೋಗಿ ಹೊಡೆಯಲು ಕಾಲಿಲ್ಲವಲ್ಲ, ದೂರದಿಂದ ಹೊಡೆಯಲಿ ಎಂದು ಮಕ್ಕಳು ಮೂವರೂ ಸೇರಿ ಅವನಿಗೊಂದು ಮ್ಯಾಗ್ನಮ್ ರೈಫಲ್ ತಂದುಕೊಟ್ಟರು. ಹೊಸ ರೈಫಲ್ ಹೊಸ ಸೊಸೆಯಂತೆ. ಅದಕ್ಕೇನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂದು ತಾಳ್ಮೆಯಿಂದ ನೋಡಬೇಕು. ಯಾವ ಮದ್ದು, ಎಷ್ಟು, ಯಾವ ಗುಂಡು, ಎಷ್ಟು ಆಳಕ್ಕೆ: ಒಂದೊಂದನ್ನೇ ಬದಲಿಸಿ ಹೊಡೆದು ನೋಡುವುದು ವಾರಗಟ್ಟಲೆ ಕೆಲಸ. ಆ ಕೆಲಸ ನನ್ನದಾಗಬೇಕಿತ್ತು.

"ನಿಂಗೆ ಕಣ್ಣಿನ ಆಪರೇಷನ್ ಆಗಿದೆ ಎಲ್ಡನ್," ಎಂದಳು ನನ್ನ ಹೆಂಡತಿ ವಿಲ್ಮಾ. "ಆರು ವಾರ ಬಗ್ಗಬಾರ್ದು, ಬಂದೂಕು ಮುಟ್ಟಬಾರ್ದು ಅಂತ ಡಾಕ್ಟ್ರು ಹೇಳಿದಾರೆ. ಹಾರ್ಲನ್ ಪಾಪ ನಿಂಗೆ ತೊಂದ್ರೆ ಬೇಡ ಅಂತ ಅವಳ ಹತ್ರ ಹೋಗಿದಾನೆ. ಅದಕ್ಯಾಕೆ ಹಿಂಗಾಡ್ತೀಯ?"

"ನನ್ನ ಒಂದ್ಮಾತು ಕೇಳ್ಬೋದಿತ್ತಲ್ಲ?"

"ಕೇಳಿದ್ರೆ ನೀನು ಆಗಲ್ಲ ಅಂತಿದ್ಯಾ? ಕಣ್ಣು ಕಳ್ಕೊಂಡಾದ್ರೂ ಮಾಡ್ತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಸರಿಯಾದ ಮಾತೇ. ಸರಿಯಾದ ಮಾತಿನಿಂದ ಹೊಟ್ಟೆಯುರಿ ಆರಿದ್ದನ್ನು ನಾನಂತೂ ಕಂಡಿಲ್ಲ.

ಈ ಕೊರೀನ್ ನಾಲ್ಕು ವರ್ಷದ ಹಿಂದೆ ನೆಬ್ರಾಸ್ಕಾದಿಂದ ಬಂದವಳು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಮೂವತ್ತಾರು ವಯಸ್ಸು, ಒಂಟಿ. ತೋಟೆ ತುಂಬುವುದನ್ನು ಅಪ್ಪ ಕಲಿಸಿದನಂತೆ, ಆ ಅಪ್ಪ ಈಗಿಲ್ಲ. ಅವಳ ತಕ್ಕಡಿ ಕರೆಂಟಿನದು, ಮದ್ದಿನ ಒಂದು ಕಡ್ಡಿ ಹೆಚ್ಚಾದರೂ ತೋರಿಸುತ್ತದೆ. ಪ್ರತಿ ಗುಂಡಿನ ವೇಗವನ್ನೂ ಕಂಪ್ಯೂಟರಿಗೆ ಹಾಕಿ ಗೆರೆ ಎಳೆಯುತ್ತಾಳೆ. ಒಮ್ಮೆ ಅವಳ ಗ್ಯಾರೇಜಿನಲ್ಲಿ ಇಣುಕಿದ್ದೆ, ಮೇಜಿನ ಮೇಲೆ ಒಂದು ಚೂರು ಧೂಳಿರಲಿಲ್ಲ. ಧೂಳಿಲ್ಲದ ಮೇಜಿನವರನ್ನು ನಾನು ನಂಬುವುದಿಲ್ಲ.

ಜುಲೈ ತಿಂಗಳ ಒಂದು ಶನಿವಾರ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಊರಾಚೆಯ ಗುರಿಕಟ್ಟೆಯಲ್ಲಿ ಅವರಿಬ್ಬರೂ ರೈಫಲ್ ಹೊಡೆದು ನೋಡುತ್ತಾರೆಂದು ಗೊತ್ತಾಗಿ, ದಿಬ್ಬದ ಮೇಲೆ ಟ್ರಕ್ ನಿಲ್ಲಿಸಿ, ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಇನ್ನೊಂದು ಕಣ್ಣಿಗೆ ದುರ್ಬೀನು ಹಿಡಿದು ಕುಳಿತೆ. ಅವಳು ಕಾಗದದ ಮೇಲೆ ಏನೋ ತೋರಿಸುತ್ತಿದ್ದಳು. ಹಾರ್ಲನ್ ತಲೆಯಾಡಿಸುತ್ತಿದ್ದ. ಆಮೇಲೆ ಅವಳೇನೋ ಹೇಳಿದಳು, ಅವನು ಟೋಪಿ ತೆಗೆದು ತೊಡೆಗೆ ಬಡಿದುಕೊಂಡು ನಕ್ಕ. ನನ್ನ ಮಾತಿಗೆ ಅವನು ಹಾಗೆ ನಕ್ಕು ಹತ್ತು ವರ್ಷವಾಗಿತ್ತು. ಅವಳು ಎಷ್ಟು ಚೆನ್ನಾಗಿ ಹೊಡೆದಳೆನ್ನುವುದನ್ನು ಹೇಗೋ ಸಹಿಸಬಹುದಿತ್ತು, ಆ ನಗುವನ್ನು ಸಹಿಸಲಾಗಲಿಲ್ಲ.

ಆರು ವಾರ ಮುಗಿದ ಮರುದಿನವೇ ಹಾರ್ಲನ್ ಮನೆಗೆ ಹೋದೆ.

"ರೈಫಲ್ ಕೊಡು."

"ಕಣ್ಣು ಸರಿಹೋಯ್ತೇನೋ?"

"ನೊಣದ ಮೀಸೆ ಎಣಿಸ್ತೀನಿ, ಕೊಡು."

"ಕೊರೀನ್ ಆಗ್ಲೇ ಹೊಂದಿಸಿದಾಳೆ ಕಣೋ. ನಾನೂರು ಗಜದಲ್ಲಿ ಐದು ಗುಂಡು ಮೂರಿಂಚಿನೊಳಗೆ ಬಿದ್ವು. ನನ್ನಂಥ ಮುದುಕ ಹೊಡೆದ್ರೂ!"

"ಎರಡು ವಾರ ಕೊಡು. ನಂದು ಅವಳದಕ್ಕಿಂತ ಚೆನ್ನಾಗಿ ಬೀಳದಿದ್ರೆ ನನ್ನ ಹೆಸರು ಹಿಡಿದು ಕರೀಬೇಡ."

ಹಾರ್ಲನ್ ನನ್ನ ಮುಖ ನೋಡಿದ. ಒಳಗೆ ಹೋಗಿ ರೈಫಲ್ ತಂದುಕೊಟ್ಟ. ಆಗಸ್ಟ್ ಮೂರನೇ ಶನಿವಾರ ಎಲ್ಲರೆದುರು ಎರಡನ್ನೂ ಹೊಡೆದು ನೋಡುವುದೆಂದಾಯಿತು.

ಹತ್ತು ದಿನ ಹಗಲೆಲ್ಲ ಕೂತೆ. ಮೂರು ಬಗೆಯ ಮದ್ದು ಹಾಕಿದೆ, ನಾಲ್ಕು ಬಗೆಯ ಗುಂಡು ಕೂರಿಸಿದೆ. ರೈಫಲ್ ಒಲಿಯಲಿಲ್ಲ. ನನ್ನ ಐದು ಗುಂಡುಗಳು ನಾಲ್ಕೂವರೆ ಇಂಚಿಗೆ ಹರಡುತ್ತಿದ್ದವು. ಟಗರಿಗೆ ಅಷ್ಟು ಬೇಕಾದಷ್ಟಾಯಿತು, ಅದರ ಎದೆ ಅದಕ್ಕಿಂತ ಎರಡರಷ್ಟು ಅಗಲ. ಆದರೆ ನಾನು ಹೊಡೆಯುತ್ತಿದ್ದದ್ದು ಟಗರಿಗಲ್ಲವಲ್ಲ, ಕೊರೀನ್‌ಗೆ. ಆಗ ಆ ದುರ್ಬುದ್ಧಿ ಬಂತು.

ತೋಟೆಯೆಂದರೆ ಮದ್ದು ತುಂಬಿದ ಹಿತ್ತಾಳೆ ಕೊಳವೆ, ಅದರ ಬಾಯಿಗೆ ಗುಂಡು ಕೂರಿಸಿರುತ್ತದೆ. ನಳಿಗೆಯೊಳಗೆ ಸುರುಳಿಯಾಗಿ ಗೆರೆಗಳಿರುತ್ತವೆ, ಗುಂಡನ್ನು ಹಿಡಿದು ತಿರುಗಿಸಿ ಬಿಡುವುದು ಅವೇ. ತೋಟೆ ಒಳಗೆ ಹೋಗಿ ಕೂತಾಗ ಗುಂಡಿನ ಮೂತಿಗೂ ಆ ಗೆರೆಗಳಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಬಿಡದೆ ಗುಂಡನ್ನು ಉದ್ದಕ್ಕೆ ಕೂರಿಸಿ ಗೆರೆಗೆ ಒತ್ತಿಕೊಳ್ಳುವಂತೆ ಮಾಡಿದರೆ ಕೆಲವು ರೈಫಲ್ಲುಗಳು ಸೂಜಿ ಪೋಣಿಸಿದಂತೆ ಹೊಡೆಯುತ್ತವೆ. ತೊಂದರೆಯೇನೆಂದರೆ ಗುಂಡು ಆ ಗೆರೆಗಳಲ್ಲಿ ಸಿಕ್ಕಿಕೊಂಡುಬಿಡುತ್ತದೆ. ಹೊಡೆಯದೆ, ರೈಫಲ್ಲಿನ ಹಿಂಬಾಗಿಲಿನಂಥ ಬೋಲ್ಟನ್ನು ಹಿಂದಕ್ಕೆಳೆದು ತೋಟೆಯನ್ನು ಹೊರಗೆ ತೆಗೆಯಲು ಹೋದರೆ ಹಿತ್ತಾಳೆ ಕೊಳವೆ ಮಾತ್ರ ಬರುತ್ತದೆ, ಗುಂಡು ನಳಿಗೆಯಲ್ಲೇ ಉಳಿಯುತ್ತದೆ, ಮದ್ದು ರೈಫಲ್ಲಿನ ಹೊಟ್ಟೆಗೆಲ್ಲ ಚೆಲ್ಲುತ್ತದೆ. ಗುರಿಕಟ್ಟೆಯಲ್ಲಿ ಚಿಂತೆಯಿಲ್ಲ, ಅಲ್ಲಿ ಹಾಕಿದ್ದನ್ನೆಲ್ಲ ಹೊಡೆದೇ ತೆಗೆಯುತ್ತೇವೆ. ಬೆಟ್ಟದಲ್ಲಿ ಹತ್ತು ಸಲ ಹಾಕಿ ಒಂಬತ್ತು ಸಲ ಹೊಡೆಯದೆ ತೆಗೆಯಬೇಕಾಗುತ್ತದೆ. ಮೂವತ್ತು ವರ್ಷದಿಂದ ಊರಿನ ಎಳೆಯರಿಗೆಲ್ಲ ನಾನೇ ಇದನ್ನು ಬೆರಳೆತ್ತಿ ಹೇಳಿದವನು.

ಹೇಳಿದವನೇ ಗುಂಡನ್ನು ಉದ್ದಕ್ಕೆ ಕೂರಿಸಿದೆ. ಒತ್ತಡ ಹೆಚ್ಚುತ್ತದೆಂದು ಮದ್ದನ್ನು ಇಳಿಸಿದೆ. ಶನಿವಾರ ಗೆಲ್ಲುವುದಕ್ಕೆ ಮಾತ್ರ, ಬೇಟೆಗೆ ಹೋಗುವ ಮೊದಲು ಜಾಗ ಬಿಟ್ಟು ಬೇರೆ ತುಂಬಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶನಿವಾರ ಹಾರ್ಲನ್ ಮೊದಲು ಅವಳ ಐದು ಹೊಡೆದ. ಮೂರಿಂಚು. ಆಮೇಲೆ ನನ್ನ ಐದು. ಕಾಗದ ತಂದು ನೋಡಿದರೆ ಐದೂ ತೂತುಗಳನ್ನು ಒಂದು ಬಿಸ್ಕತ್ತು ಮುಚ್ಚುತ್ತಿತ್ತು. ಜನ ಸಿಳ್ಳೆ ಹಾಕಿದರು. ಹಾರ್ಲನ್ ನನ್ನ ಬೆನ್ನಿಗೆ ಗುದ್ದಿ, "ಲೋ ಮುದುಕ, ಇನ್ನೂ ಇದೆ ಕಣೋ ನಿನ್ನಲ್ಲಿ!" ಎಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕೊರೀನ್ ಮಾತ್ರ ಮೇಜಿನ ಬಳಿ ನಿಂತು, ನನ್ನ ಡಬ್ಬಿಯಲ್ಲಿ ಉಳಿದಿದ್ದ ತೋಟೆಯೊಂದನ್ನು ಎತ್ತಿ ನೋಡುತ್ತಿದ್ದಳು.

"ಎಲ್ಡನ್ ಅವ್ರೇ, ಅವ್ರು ಬೋಲ್ಟ್ ಮುಚ್ಚೋವಾಗ ಸ್ವಲ್ಪ ಬಿಗಿ ಅನ್ನಿಸ್ತು. ಗುಂಡು ಗೆರೆಗೆ ತಾಗ್ತಿದ್ಯಾ?"

"ನೀನು ತೊಟ್ಟಿಲಲ್ಲಿ ಬೆರಳು ಚೀಪ್ತಿದ್ದಾಗ್ಲೇ ನಾನು ತೋಟೆ ತುಂಬ್ತಿದ್ದೆ ಕಣಮ್ಮ."

"ಅಲ್ಲ, ಬೆಟ್ಟಕ್ಕೆ ಹೋಗೋದಲ್ವಾ, ಅದಕ್ಕೆ ಕೇಳ್ದೆ."

"ತಾಗ್ತಾ ಇಲ್ಲ," ಎಂದೆ.

ಅವಳು ತೋಟೆಯನ್ನು ಮೆಲ್ಲಗೆ ಡಬ್ಬಿಗಿಟ್ಟು, "ಸರಿ," ಎಂದಳು.

ಆಮೇಲೆ ಬೇರೆ ತುಂಬಲಿಲ್ಲ. ತುಂಬಲು ದಿನವಿತ್ತು, ಮನಸ್ಸಿರಲಿಲ್ಲ. ಹಾರ್ಲನ್ ಆ ಕಾಗದವನ್ನು ನಾವು ಬೆಳಿಗ್ಗೆ ಕಾಫಿ ಕುಡಿಯುವ ಹೋಟೆಲಿನ ಗೋಡೆಗೆ ಅಂಟಿಸಿಬಿಟ್ಟಿದ್ದ. ಜಾಗ ಬಿಟ್ಟು ತುಂಬಿದರೆ ಮತ್ತೆ ನಾಲ್ಕೂವರೆ ಇಂಚು. ಹಾರ್ಲನ್ ಹೊಡೆದು ನೋಡದೆ ಬಿಡುತ್ತಾನೆಯೆ? ಆಗ ನನ್ನ ಮುಖ ಇಂಗು ತಿಂದ ಮಂಗನದಾಗುತ್ತಿತ್ತು. ಒಂದು ಸಲ ಹಾಕುತ್ತಾನೆ, ಹೊಡೆಯುತ್ತಾನೆ, ಮುಗಿಯಿತು ಎಂದುಕೊಂಡೆ.

ಸೆಪ್ಟೆಂಬರ್ ಕೊನೆಗೆ ಹಾರ್ಲನ್ ಮತ್ತು ನಾನು ಬೆಟ್ಟ ಹತ್ತಿದೆವು. ಟ್ರಕ್ ನಿಲ್ಲಿಸಿದಲ್ಲೇ ಡೇರೆ ಹಾಕಿ, ದಿನಾ ಐದು ಗಂಟೆ ಹತ್ತಿ, ದುರ್ಬೀನಿನಲ್ಲಿ ಬಂಡೆ ಬಂಡೆಯನ್ನೂ ಹುಡುಕಿ, ಸಂಜೆಗೆ ಇಳಿಯುವುದು. ಮೂರು ದಿನ ಹೆಣ್ಣು ಕುರಿಗಳು ಮಾತ್ರ ಕಂಡವು. ಹಾರ್ಲನ್‌ನ ಮೊಣಕಾಲು ಕುಂಬಳಕಾಯಿಯಂತೆ ಊದಿಕೊಂಡಿತು. ರೇಡಿಯೋದಲ್ಲಿ ವಾರದ ಕೊನೆಗೆ ಹಿಮ ಎಂದರು. ಹಿಮ ಬಿದ್ದರೆ ಆ ಕಾಲಿನಲ್ಲಿ ಅವನು ಮತ್ತೆ ಹತ್ತುವ ಮಾತಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಟಗರು ಕಂಡಿತು. ಕಣಿವೆಯಾಚೆ, ನಾನೂರಮೂವತ್ತು ಗಜ. ಕೊಂಬು ಪೂರ್ತಿ ಸುತ್ತು ಬಂದಿತ್ತು. ಹಾರ್ಲನ್ ಮಲಗಿ, ಚೀಲದ ಮೇಲೆ ರೈಫಲ್ ಇಟ್ಟು, ತೋಟೆ ಒಳಗೆ ಹಾಕಿ ಬೋಲ್ಟ್ ಮುಚ್ಚಿದ. ಅಷ್ಟರಲ್ಲಿ ಟಗರು ಒಂದು ಬಂಡೆಯ ಹಿಂದೆ ಸರಿಯಿತು. ಅರ್ಧ ಗಂಟೆ ಕಾದೆವು. ಹೊರಗೆ ಬರಲಿಲ್ಲ.

"ಪಕ್ಕದ ದಿಬ್ಬಕ್ಕೆ ಹೋಗಣ," ಎಂದು ಹಾರ್ಲನ್ ಪಿಸುಗುಟ್ಟಿದ. "ಅಲ್ಲಿಂದ ಕಾಣತ್ತೆ."

ನಡುವೆ ಸಡಿಲ ಕಲ್ಲಿನ ಇಳಿಜಾರು. ಅಂಥಲ್ಲಿ ನಳಿಗೆಯಲ್ಲಿ ತೋಟೆ ಇಟ್ಟುಕೊಂಡು ಯಾರೂ ನಡೆಯುವುದಿಲ್ಲ. ಹಾರ್ಲನ್ ಬೋಲ್ಟ್ ಎತ್ತಿ ಹಿಂದಕ್ಕೆಳೆದ. ಹಿತ್ತಾಳೆ ಕೊಳವೆ ಬರಿಬಾಯಿಯಲ್ಲಿ ಹೊರಗೆ ಬಂತು. ಅದರ ಹಿಂದೆಯೇ ಕಪ್ಪು ಜೀರಿಗೆಯಂಥ ಮದ್ದು ಬೋಲ್ಟಿಗೆ, ಬೆರಳಿಗೆ, ಕಲ್ಲಿಗೆಲ್ಲ ಸುರಿಯಿತು.

ಹಾರ್ಲನ್ ಆ ಬರಿ ಕೊಳವೆಯನ್ನು ಎತ್ತಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ತಾಗ್ತಿತ್ತಾ?"

"ತಾಗ್ತಿತ್ತು."

"ಗೊತ್ತಿತ್ತಾ ನಿಂಗೆ?"

ಗೊತ್ತಿರಲಿಲ್ಲ ಎನ್ನಬಹುದಿತ್ತು, ಅವನು ನಂಬುತ್ತಿದ್ದ. ಇಪ್ಪತ್ತಾರು ವರ್ಷ ನಂಬಿದವನು. "ಗೊತ್ತಿತ್ತು," ಎಂದೆ.

ಅವನು ಬೈಯಲಿಲ್ಲ. ಬೈದಿದ್ದರೆ, ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ನಳಿಗೆಯಲ್ಲಿ ಸಿಕ್ಕ ಗುಂಡನ್ನು ತಳ್ಳಲು ಉದ್ದದ ಸಲಾಕೆ ಬೇಕು, ಅದು ಐದು ಗಂಟೆ ದಾರಿಯ ಕೆಳಗೆ ಟ್ರಕ್ಕಿನಲ್ಲಿತ್ತು. ಟಗರು ಆಗ ಬಂಡೆಯ ಹಿಂದಿನಿಂದ ಹೊರಗೆ ಬಂತು. ನಮಗೆ ಪಕ್ಕೆ ತೋರಿಸಿಕೊಂಡು ಕಾಲು ಗಂಟೆ ನಿಂತು ಹುಲ್ಲು ಮೇಯಿತು. ಹಾರ್ಲನ್ ಖಾಲಿ ಕೈ ಗದ್ದಕ್ಕೆ ಕೊಟ್ಟು ಅಷ್ಟು ಹೊತ್ತೂ ಅದನ್ನು ನೋಡಿದ. ನಾನು ಅವನನ್ನು ನೋಡಲಾರದೆ ಕಲ್ಲಿನ ಸಂದಿಯ ಮದ್ದನ್ನು ಒಂದೊಂದೇ ಕಡ್ಡಿ ಹೆಕ್ಕುತ್ತ ಕುಳಿತೆ, ಹೆಕ್ಕಿ ಏನು ಮಾಡುವುದಿತ್ತೋ!

ಸಂಜೆ ಡೇರೆಯಲ್ಲಿ ಸಲಾಕೆ ಹಾಕಿ ಗುಂಡು ಬೀಳಿಸಿದೆವು. ರೈಫಲ್ ಒರೆಸಿದೆ. ಹಾರ್ಲನ್ ಬೀನ್ಸ್ ಬಿಸಿ ಮಾಡಿ ನನ್ನ ತಟ್ಟೆಗೇ ಮೊದಲು ಹಾಕಿದ.

"ನಾಳೆ ಮತ್ತೆ ಹತ್ತಣ," ಎಂದ. "ಒಂದ್ಸಲ ತೋಟೆ ಹಾಕಿದ್ಮೇಲೆ ತೆಗೆಯೋದೇ ಬೇಡ. ಹಾಗೇ ನಡೆದ್ಬಿಡ್ತೀನಿ."

"ಆ ಕಾಲಲ್ಲಾ? ಆ ಕಲ್ಲಲ್ಲಾ? ಜಾರಿದ್ರೆ ಗತಿಯೇನೋ? ಮುಂದೆ ನಡೆಯೋನು ನಾನು, ನನ್ನನ್ನೇ ಹೊಡೆದು ನನ್ನ ಬೆನ್ನಿಗೆ ಟಗರಿನ ಚೀಟಿ ಅಂಟಿಸ್ತೀಯಾ?"

ಅವನು ನಗಲಿಲ್ಲ. "ನಿನ್ನ ತೋಟೇಲೇ ಹೊಡೀಬೇಕು ಅಂತ ಇದ್ದೆ ಎಲ್ಡನ್. ಮೇ ತಿಂಗಳಿಂದ್ಲೂ. ಆ ಶನಿವಾರ ನಿಂದು ಒಂದು ಗಜ ಹರಡಿದ್ರೂ ನಿಂದೇ ತರ್ತಿದ್ದೆ. ನಿನ್ನ ಕಣ್ಣು ವಾಸಿಯಾಗ್ದಿದ್ರೆ ಅಂತ ಆ ಹುಡುಗಿಗೆ ಹೇಳಿದ್ದೆ ಅಷ್ಟೆ."

ಒಂದು ಗಜ ಹರಡಿದ್ದರೂ! ನಾನು ಗೆದ್ದು ತೆಗೆದುಕೊಂಡದ್ದು ಮೊದಲೇ ನನ್ನದಾಗಿತ್ತು. ಅದನ್ನು ಗೆಲ್ಲಲು ಹೋಗಿ ಅವನ ಟಗರನ್ನು ಕಳೆದೆ, ಈಗ ಪ್ರಾಣಕ್ಕೂ ತರುತ್ತಿದ್ದೆ. ತಟ್ಟೆ ಕೆಳಗಿಟ್ಟು ಟ್ರಕ್ಕಿಗೆ ಹೋದೆ. ಹೊರಡುವ ದಿನ ಕೊರೀನ್ ಒಂದು ಡಬ್ಬಿ ತಂದು ಹಾರ್ಲನ್ ಕೈಗೆ ತುರುಕಿದ್ದಳು, ಬೇಡವೆನ್ನಲಾರದೆ ಅವನು ಅದನ್ನು ಟ್ರಕ್ಕಿನ ಗೂಡಿನಲ್ಲಿ ಹಾಕಿದ್ದ. ನೋಡಿಯೂ ನೋಡದವನಂತಿದ್ದೆ. ಈಗ ತೆಗೆದೆ. ಮುಚ್ಚಳದ ಮೇಲೆ ಅವಳ ದುಂಡು ಅಕ್ಷರ: ಎಲ್ಡನ್ ಅವರ ತೋಟೆಗೆ ಹೊಂದಿಸಿದ್ದಕ್ಕಿಂತ ರೈಫಲ್ಲಿನ ಮೇಲಿನ ದುರ್ಬೀನಿನ ತಿರುಪನ್ನು ಎರಡು ಹಲ್ಲು ಕೆಳಗೆ, ಒಂದು ಹಲ್ಲು ಎಡಕ್ಕೆ ತಿರುಗಿಸಿ. ನನ್ನ ತೋಟೆ ಬೆಟ್ಟದಲ್ಲಿ ಕೈಕೊಡುತ್ತದೆಂದು ಎಣಿಸಿಯೇ ಇದನ್ನು ಕೊಟ್ಟಿದ್ದಳು. ನಾನು ಅವಳಿಗೆ ಸುಳ್ಳು ಹೇಳಿದ್ದು ಅವಳಿಗೆ ಗೊತ್ತಿತ್ತು, ಆದರೂ ಹಾರ್ಲನ್‌ಗೆ ಚಾಡಿ ಹೇಳಿರಲಿಲ್ಲ. ಅವಳ ಆ ಒಳ್ಳೆಯತನಕ್ಕೂ ನನಗೆ ಹೊಟ್ಟೆಯುರಿಯಿತು.

"ತಗೋ," ಎಂದು ಡಬ್ಬಿಯನ್ನು ಅವನ ಮಡಿಲಿಗೆ ಹಾಕಿದೆ.

"ಬೇಡ ಕಣೋ."

"ಹಾರ್ಲನ್, ಇದನ್ನ ಹಾಕ್ದೆ ನಾಳೆ ನೀನು ಹತ್ತೋ ಹಾಗಿಲ್ಲ. ಹತ್ತಿದ್ರೆ ಒಬ್ನೇ ಹತ್ತು."

ಅವನು ಮತ್ತೆ ಬೇಡವೆನ್ನಲಿಲ್ಲ. ಬಿಗಿದಿದ್ದ ಅವನ ಭುಜ ಇಳಿಯಿತು, ಉಸಿರು ಬಿಟ್ಟ. ಅಷ್ಟು ಹೊತ್ತೂ ಅವನಿಗೆ ಅದೇ ಬೇಕಾಗಿತ್ತು, ಕೇಳಲಾರದೆ ಕುಳಿತಿದ್ದ. ಅವನ ಆ ನಿರಾಳ ಮುಖ ನನಗೆ ಕೊಟ್ಟ ಏಟನ್ನು ಯಾವ ಮ್ಯಾಗ್ನಮ್ಮೂ ಕೊಡಲಾರದು.

ಬೆಳಿಗ್ಗೆ ದುರ್ಬೀನಿನ ತಿರುಪು ತಿರುಗಿಸಿ, ಮರದ ತುಂಡಿಗೆ ಕಾಗದ ಅಂಟಿಸಿ ಎರಡು ಹೊಡೆದು ನೋಡಿದ. ಎರಡೂ ತೂತು ಒಂದಕ್ಕೊಂದು ತಾಗಿದ್ದವು. ಹತ್ತಿದೆವು. ಮೂರು ಸಲ ತೋಟೆ ಹಾಕಿ ಮೂರು ಸಲ ತೆಗೆದ, ಮೂರು ಸಲವೂ ಅದು ಗುಂಡುಸಮೇತ ನೀಟಾಗಿ ಹೊರಗೆ ಬಂತು. ನಾಲ್ಕನೆಯ ಸಲ, ಮುನ್ನೂರತೊಂಬತ್ತು ಗಜದಿಂದ ಹೊಡೆದ. ಟಗರು ನಿಂತಲ್ಲೇ ಕುಸಿಯಿತು.

ಅದರ ಕೊಂಬು ಹಿಡಿದುಕೊಂಡು ಹಾರ್ಲನ್ ಅತ್ತ. ನಾನೂ ಅತ್ತೆ. ಅವನದು ಇಪ್ಪತ್ತಮೂರು ವರ್ಷದ ಸಂತೋಷ. ನನ್ನದರಲ್ಲಿ ಅರ್ಧ ಸಂತೋಷ, ಇನ್ನರ್ಧ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಳಿಯುವಾಗ ಅವನೇ ಹೇಳಿದ: "ಊರಲ್ಲಿ ಕೇಳಿದ್ರೆ ನಿನ್ನ ತೋಟೆ ಅಂತೀನಿ. ಗೊತ್ತಿರೋದು ನಮ್ಮಿಬ್ರಿಗೇ."

ನಾನು ಬೇಡವೆನ್ನಲಿಲ್ಲ.

ಎರಡು ದಿನದ ಮೇಲೆ ಬೆಳಿಗ್ಗೆ ಹೋಟೆಲಿನಲ್ಲಿ ನಮ್ಮ ಮೇಜಿನ ಸುತ್ತ ಜನವೋ ಜನ. ಪ್ಯಾನ್‌ಕೇಕ್ ತಣ್ಣಗಾಗುತ್ತಿತ್ತು, ಹಾರ್ಲನ್ ಫೋನಿನಲ್ಲಿ ಟಗರಿನ ಚಿತ್ರ ತೋರಿಸುತ್ತಿದ್ದ. ಯಾರದಯ್ಯಾ ತೋಟೆ ಎಂದು ಯಾರೋ ಕೇಳಿದರು. "ಇನ್ಯಾರದು, ಇವನದೇ," ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಬೆನ್ನು ತಟ್ಟಿದರು, ಕಾಫಿ ತರಿಸಿದರು. ಕುಡಿದೆ. ರುಚಿಯಾಗಿಯೇ ಇತ್ತು.

ಶಾಲೆಗೆ ಹೋಗುವ ದಾರಿಯಲ್ಲಿ ಕೊರೀನ್ ಒಳಗೆ ಬಂದಳು. ಚಿತ್ರ ನೋಡಿದಳು, ನನ್ನ ತೋಟೆಯೆಂದು ಯಾರೋ ಹೇಳಿದರು. ನನಗೆ ಕೈ ಕೊಟ್ಟು, "ಒಳ್ಳೇ ತೋಟೆ ಮಾಡಿದ್ರಿ ಎಲ್ಡನ್ ಅವ್ರೇ," ಎಂದಳು. ಬಾಯಿ ನಗುತ್ತಿತ್ತು. ಕಣ್ಣು ಮಾತ್ರ ನನ್ನ ಹೆಗಲ ಮೇಲಿದ್ದ ಹಾರ್ಲನ್‌ನ ಕೈಯನ್ನು ನೋಡುತ್ತಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಜುಲೈ ತಿಂಗಳಿಂದ ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೆ. ಅಪ್ಪನಿಲ್ಲದ ಹುಡುಗಿ, ಬಂದು ನಾಲ್ಕು ವರ್ಷವಾದರೂ ಊರಿನಲ್ಲಿ ಒಬ್ಬರೂ ಅವಳ ತೋಟೆ ಹಾಕಿರಲಿಲ್ಲ, ಹಾರ್ಲನ್ ಒಬ್ಬ ಹಾಕಬಹುದಿತ್ತು. ಗೆಲ್ಲಬೇಕೆಂದಲ್ಲ, ಅವನು ನಂಬಲಿ ಎಂದು ಅವಳೂ ಬೇಸಿಗೆಯೆಲ್ಲ ಕೂತಿದ್ದಳು.

"ನಿಂದು," ಎಂದೆ.

"ಏನು?"

"ಟಗರು ಬೀಳ್ಸಿದ್ದು ನಿನ್ನ ತೋಟೆ ಕಣಮ್ಮ. ನಂದು ನಳಿಗೇಲಿ ಸಿಕ್ಕಾಕ್ಕೊಂಡು ಇವನ ಬೇಟೆ ಹಾಳಾಗ್ತಿತ್ತು. ಗೆರೆಗೆ ಒತ್ತಿದ್ದೆ. ನೀನು ಕೇಳ್ದಾಗ ಸುಳ್ಳು ಹೇಳ್ದೆ."

ಮೂವತ್ತು ವರ್ಷ ನಾನು ಬೆರಳೆತ್ತಿ ಪಾಠ ಹೇಳಿದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೊರೀನ್ ಮಾತ್ರ ನನ್ನ ಕಡೆ ನೋಡಲಿಲ್ಲ. ಅವಳು ಹಾರ್ಲನ್‌ನನ್ನು ನೋಡಿದಳು, ಹಾರ್ಲನ್ ಹೌದೆಂದು ತಲೆಯಾಡಿಸಿದ. ಅವಳ ಮುಖ ಅರಳಿದ್ದನ್ನು ನಾನು ನೋಡಬಾರದಿತ್ತು, ಆದರೆ ನೋಡಿದೆ.

ಹೇಳಿದ ಮೇಲೆ ಹಗುರವಾಯಿತು ಎಂದರೆ ಸುಳ್ಳಾದೀತು. ಹಾರ್ಲನ್ ನನ್ನ ಹೆಗಲಿನಿಂದ ಕೈ ತೆಗೆದು, ಬೆಂಚಿನ ಮೇಲಿದ್ದ ತನ್ನ ಟೋಪಿಯನ್ನು ಎತ್ತಿ, "ಕೂತ್ಕೋ ಬಾಮ್ಮ, ಹೇಗಾಯ್ತು ಅಂತ ಹೇಳ್ತೀನಿ," ಎಂದ. ಜಾಗ ಸಾಲಲಿಲ್ಲ. ನಾನು ಅತ್ತ ಸರಿದು ಕುಳಿತೆ, ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.